ಗೆಳೆಯನಿಗಾಗಿ ಬರೆದದ್ದು, ಗೆಳೆಯನೊಡನೆ ನುಡಿಸಿದ್ದು

ರಚನಕಾರನೇ ಕುಳಿತು ನುಡಿಸಿರುವ ಧ್ವನಿಮುದ್ರಿಕೆಯೆಂದರೆ ನಮ್ಮಲ್ಲಿ ಹಲವರಿಗೆ ಒಂದು ಬಗೆಯ ಭಯಭಕ್ತಿ. ಕೃತಿಯನ್ನು ಕಟ್ಟಿದವನೇ ಹೀಗೆ ನುಡಿಸಿದ್ದಾನೆಂದ ಮೇಲೆ ಇನ್ನು ಮಾತೇನಿದೆ ಎಂದುಬಿಡುತ್ತಾರೆ. ಕವಿಗೋಷ್ಠಿಗಳಲ್ಲಿ ಕುಳಿತು ಅಭ್ಯಾಸವಿರುವವರಿಗೆ ಈ ಮಾತು ಅಷ್ಟು ಸುಲಭವಾಗಿ ಒಪ್ಪಿಗೆಯಾಗದು. ತಮ್ಮದೇ ಒಳ್ಳೆಯ ಕವಿತೆಯನ್ನು ತಾವೇ ಓದಿ ಕೆಡಿಸಿದ ಕವಿಗಳನ್ನು ನಾವೆಲ್ಲ ಕಂಡಿದ್ದೇವೆ. ಬರೆಯುವ ಕೈ ಬೇರೆ, ಓದುವ ನಾಲಗೆ ಬೇರೆ. ಹಾಗಿದ್ದರೆ ರಚನಕಾರನ ಸ್ವಂತ ವಾದನದ ಮುದ್ರಿಕೆಗೆ ಇರುವ ಬೆಲೆ ಯಾವ ಬಗೆಯದು? ಅದು ಬರಿಯ ಚರಿತ್ರೆಯ ದಾಖಲೆಯೇ, ಅಥವಾ ಅದರಲ್ಲಿ ಬೇರೆಲ್ಲೂ ಸಿಗದ ಏನಾದರೂ ಇದೆಯೇ?

ಮೈಸೂರು ಸೀಮೆಯವರಿಗೆ ಈ ಪ್ರಶ್ನೆ ತೀರ ಹೊರಗಿನದಲ್ಲ. 1940ರ ದಶಕದ ಕೊನೆಯಲ್ಲಿ, ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ರಚನಕಾರ ತನ್ನ ಪಿಯಾನೋ ಕೃತಿಗಳನ್ನು ತಾನೇ ನುಡಿಸಿ ಮುದ್ರಿಸುವಂತೆ ಹಣಕೊಟ್ಟು ಏರ್ಪಾಡು ಮಾಡಿದವರು ನಮ್ಮ ಜಯಚಾಮರಾಜ ಒಡೆಯರು. ಮೆಟ್ನರ್ ತನ್ನ ಮೂರನೆಯ ಪಿಯಾನೋ ಕಾನ್ಸರ್ಟೊವನ್ನು ಒಡೆಯರಿಗೆ ಅರ್ಪಿಸಿದ. 1951ರಲ್ಲಿ ಅವನು ತೀರಿಕೊಂಡ. ಅರಮನೆಯ ಹಣ ಹೋಗದಿದ್ದರೆ ಆ ಬೆರಳುಗಳ ನಡೆ ಹೇಗಿತ್ತೆಂದು ಇಂದು ಅಷ್ಟು ವಿವರವಾಗಿ ತಿಳಿಯುತ್ತಿರಲಿಲ್ಲ. ಅದು ದೊಡ್ಡ ಉಪಕಾರ. ಆದರೂ ಅದು ಮುಪ್ಪಿನಲ್ಲಿ ಮಾಡಿಟ್ಟ ದಾಖಲೆ. ಮುದ್ರಿಸಿದ ಕೃತಿಗಳಲ್ಲಿ ಎಷ್ಟೋ ಬಹಳ ಹಿಂದೆ ಬರೆದವು. ನಾನು ಇಲ್ಲಿ ಬರೆಯಹೊರಟಿರುವುದು ಇನ್ನೊಂದು ಬಗೆಯ ಮುದ್ರಿಕೆಗಳ ಬಗ್ಗೆ: ಸ್ನೇಹ ಬೆಳೆಯುತ್ತಿರುವಾಗಲೇ ಕೃತಿ ಹುಟ್ಟಿ, ಅದರ ಬಿಸಿ ಆರುವ ಮೊದಲೇ ಇಬ್ಬರೂ ಕೂಡಿ ನುಡಿಸಿ ಮುದ್ರಿಸಿದ ಸಂಗೀತ. ರಚನಕಾರ ಇಂಗ್ಲೆಂಡಿನ ಬೆಂಜಮಿನ್ ಬ್ರಿಟನ್, ವಾದಕ ರಷ್ಯದ ಮ್ಸ್ತಿಸ್ಲಾವ್ ರಾಸ್ತ್ರೊಪೊವಿಚ್, ವಾದ್ಯ ಚೆಲ್ಲೋ.

ಚೆಲ್ಲೋ ಪಿಟೀಲಿನ ಮನೆತನದ್ದೇ. ಗಾತ್ರದಲ್ಲಿ ಬಹಳ ದೊಡ್ಡದು, ಕುರ್ಚಿಯ ಮೇಲೆ ಕುಳಿತು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸಬೇಕು. ನಾಲ್ಕು ತಂತಿ. ಕೆಳಗಿನ ತಂತಿಯ ಮಂದ್ರದಲ್ಲಿ ಗಂಡುದನಿಯ ಗಾಂಭೀರ್ಯವಿದ್ದರೆ, ಮೇಲಿನ ತಂತಿಯಲ್ಲಿ ಹೆಣ್ಣುದನಿಯ ಹತ್ತಿರಕ್ಕೂ ಹೋಗುತ್ತದೆ. ಮನುಷ್ಯರ ಕಂಠಕ್ಕೆ ಇಷ್ಟು ಸಮೀಪವಾದ ವಾದ್ಯಕ್ಕೆ ಮಾತುಕತೆಯಂಥ ಸಂಗೀತ ಒಪ್ಪುವುದು ಸಹಜ.

1960ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ಶೊಸ್ತಕೊವಿಚ್‌ನ ಮೊದಲನೆಯ ಚೆಲ್ಲೋ ಕಾನ್ಸರ್ಟೊವನ್ನು ರಾಸ್ತ್ರೊಪೊವಿಚ್ ನುಡಿಸಿದ. ಶೊಸ್ತಕೊವಿಚ್ ಆ ಸಭೆಯಲ್ಲಿದ್ದ, ಅವನ ಜೊತೆಯಲ್ಲೇ ಬ್ರಿಟನ್ ಕುಳಿತಿದ್ದ. ಕಛೇರಿ ಮುಗಿದ ಮೇಲೆ ಪರಿಚಯವಾಯಿತು. ಬ್ರಿಟನ್‌ಗೆ ಆಗ 46 ವರ್ಷ, ರಾಸ್ತ್ರೊಪೊವಿಚ್‌ಗೆ 33. ಚೆಲ್ಲೋಗಾಗಿ ಏನಾದರೂ ಬರೆದುಕೊಡಬೇಕೆಂದು ವಾದಕ ಸಂಕೋಚವಿಲ್ಲದೆ ಕೇಳಿದ; ರಚನಕಾರ ಆಗಲೆಂದ. ಮುಂದಿನ ವರ್ಷದ ಆರಂಭಕ್ಕೆ ಚೆಲ್ಲೋ ಮತ್ತು ಪಿಯಾನೋಗಳಿಗಾಗಿ ಐದು ಭಾಗಗಳ ಸೊನಾಟ ಸಿದ್ಧವಾಗಿತ್ತು.

1961ರ ಮಾರ್ಚಿನಲ್ಲಿ ಇಬ್ಬರೂ ಅದನ್ನು ಮೊದಲ ಸಲ ಕೂಡಿ ನುಡಿಸಿ ನೋಡಿದ್ದು ಲಂಡನ್ನಿನ ಬ್ರಿಟನ್ ಮನೆಯಲ್ಲಿ. ಇಬ್ಬರಿಗೂ ವಿಪರೀತ ಅಳುಕು. ನಾಲ್ಕೈದು ಲೋಟ ವಿಸ್ಕಿ ಒಳಗಿಳಿದ ಮೇಲೆಯೇ ನುಡಿಸಲು ಕೂತೆವು, ಕೆಟ್ಟದಾಗಿ ನುಡಿಸಿದೆವು, ಆದರೆ ಸುಖವಾಗಿದ್ದೆವು ಎಂದು ರಾಸ್ತ್ರೊಪೊವಿಚ್ ಮುಂದೆ ಹೇಳಿಕೊಳ್ಳುತ್ತಿದ್ದ. ಮಾತನಾಡಲು ಇಬ್ಬರಿಗೂ ಸರಿಯಾಗಿ ಬರುವ ಸಮಾನ ಭಾಷೆಯಿರಲಿಲ್ಲ. ಹರಕುಮುರುಕು ಜರ್ಮನ್‌ನಲ್ಲಿ ಕೆಲಸ ಸಾಗಿಸಿದರು. ಬ್ರಿಟನ್‌ನ ಊರಿನ ಹೆಸರು ಸೇರಿಸಿ ಅದಕ್ಕೆ ಆಲ್ಡ್‌ಬರಾ ಜರ್ಮನ್ ಎಂದು ತಾವೇ ಹೆಸರಿಟ್ಟುಕೊಂಡಿದ್ದರು. ಜುಲೈ 7ರಂದು ಆಲ್ಡ್‌ಬರಾ ಉತ್ಸವದಲ್ಲಿ ಸೊನಾಟದ ಮೊದಲ ಪ್ರಯೋಗ ನಡೆಯಿತು. ಅದೇ ತಿಂಗಳು ಡೆಕ್ಕಾ ಕಂಪನಿಗಾಗಿ ಮುದ್ರಣವೂ ಆಯಿತು. ಪರಿಚಯದಿಂದ ಮುದ್ರಿಕೆಯವರೆಗೆ ಒಂದು ವರ್ಷವೂ ಹಿಡಿಯಲಿಲ್ಲ.

ಈ ಕಥೆ ರಸವತ್ತಾಗಿದೆ. ಆದರೆ ಕಥೆ ಚೆನ್ನಾಗಿದೆಯೆಂದು ಸಂಗೀತ ಚೆನ್ನಾಗಿರಬೇಕೆಂದೇನಿಲ್ಲ. ಆದ್ದರಿಂದ ಮುದ್ರಿಕೆಗೇ ಕಿವಿಗೊಡೋಣ.

ಮೊದಲ ಭಾಗದ ಹೆಸರೇ ‘ದಿಯಾಲೊಗೊ’, ಅಂದರೆ ಸಂವಾದ. ಚೆಲ್ಲೋ ಒಂದು ಪೂರ್ಣವಾದ ರಾಗವನ್ನೇನೂ ತರುವುದಿಲ್ಲ. ಎರಡೆರಡು ಸ್ವರಗಳ ತುಣುಕು, ಒಂದು ಮೆಟ್ಟಿಲು ಹತ್ತಿದಂತೆ, ಒಂದು ಮೆಟ್ಟಿಲು ಇಳಿದಂತೆ. ಹೇಳಲೋ ಬೇಡವೋ ಎಂದು ತಡೆದು ತಡೆದು ಆಡಿದ ಮಾತು. ಸುಮಾರು ವಾದಕರು ಈ ತಡವರಿಕೆಯನ್ನು ನಟಿಸಿ ತೋರಿಸುತ್ತಾರೆ. ರಾಸ್ತ್ರೊಪೊವಿಚ್‌ನಲ್ಲಿ ನಟನೆ ಕಾಣುವುದಿಲ್ಲ. ಪಿಯಾನೋ ಏನೆನ್ನುತ್ತದೆಂದು ತನಗಿನ್ನೂ ತಿಳಿಯದೆಂಬಂತೆ ಅವನು ಕಾಯುತ್ತಾನೆ. ನನ್ನಂತೆ ತರಗತಿಯಲ್ಲಿ ವರ್ಷಗಳನ್ನು ಕಳೆದವರಿಗೆ ಈ ವ್ಯತ್ಯಾಸ ಬೇಗ ಗೊತ್ತಾಗುತ್ತದೆ. ಉತ್ತರ ಗೊತ್ತಿದ್ದೂ ಕೇಳುವ ಪ್ರಶ್ನೆಯ ದನಿ ಒಂದು, ತಿಳಿಯಬೇಕೆಂದು ಕೇಳುವ ಪ್ರಶ್ನೆಯ ದನಿ ಇನ್ನೊಂದು. ಮಕ್ಕಳು ಎರಡನೆಯದಕ್ಕೇ ತಲೆಯೆತ್ತುತ್ತಾರೆ.

ಎರಡನೆಯ ಭಾಗದಲ್ಲಿ ಕಮಾನಿಗೆ ಕೆಲಸವೇ ಇಲ್ಲ. ಚೆಲ್ಲೋವನ್ನು ಆದ್ಯಂತ ಬೆರಳಿನಿಂದ ಮೀಟಬೇಕು. ಪಿಯಾನೋ ಸದ್ದುಮಾಡುವುದು ತಂತಿಯ ಮೇಲೆ ಬೀಳುವ ಪುಟ್ಟ ಸುತ್ತಿಗೆಗಳಿಂದ. ಹಾಗಾಗಿ ಇಲ್ಲಿ ಎರಡು ವಾದ್ಯಗಳೂ ಒಂದೇ ಜಾತಿಗೆ ಸೇರಿಬಿಡುತ್ತವೆ. ಮುದ್ರಿಕೆಯಲ್ಲಿ ಯಾವ ಸ್ವರ ಯಾರದೆಂದು ಒಮ್ಮೊಮ್ಮೆ ಗುರುತಿಸುವುದೇ ಕಷ್ಟ. ಬ್ರಿಟನ್‌ನ ಬೆರಳು ಒಣಗಿದ್ದು, ಚುರುಕಾದದ್ದು. ಗುಂಯ್‌ಗುಡುವಿಕೆಯನ್ನು ಅವನು ಹತ್ತಿರ ಸೇರಿಸುವುದಿಲ್ಲ. ಗೆಳೆಯನ ಮೀಟಿನ ಗಾತ್ರಕ್ಕೆ ತನ್ನ ಸದ್ದನ್ನು ಇಳಿಸಿಕೊಂಡು ನುಡಿಸುತ್ತಾನೆ. ಮೂರನೆಯದು ಶೋಕಗೀತ. ಚೆಲ್ಲೋ ಉದ್ದನೆಯ ಒಂದೇ ಎಳೆಯನ್ನು ಬೆಳೆಸುತ್ತಾ ಹೋಗಿ, ದುಃಖ ಉಕ್ಕಿ, ಮತ್ತೆ ತಗ್ಗುತ್ತದೆ. ರಾಸ್ತ್ರೊಪೊವಿಚ್‌ನ ದೊಡ್ಡ ನಾದ ಇಲ್ಲಿ ಪೂರ್ತಿ ಬಿಚ್ಚಿಕೊಳ್ಳುತ್ತದೆ. ನಾಲ್ಕನೆಯ ಭಾಗವಾದ ಪಥಸಂಚಲನದಲ್ಲಿ ಬ್ರಿಟನ್‌ನ ಕಿಡಿಗೇಡಿತನವಿದೆ. ಸೈನಿಕರ ಠೀವಿಯನ್ನು ಅಣಕಿಸುವ ಪಿಯಾನೋದ ಕೆಳಗೆ ಚೆಲ್ಲೋ ಗುರುಗುಟ್ಟುತ್ತದೆ. ಅದೇ ದಂಡು ಎರಡನೆಯ ಸಲ ಬರುವಾಗ ದೂರದ ಬೀದಿಯಲ್ಲಿ ಹಾದುಹೋದಂತೆ, ತಂತಿಯನ್ನು ಅದುಮದೆ ಬರಿದೆ ಮುಟ್ಟಿ ಹೊರಡಿಸುವ ತೆಳು ನಾದದಲ್ಲಿ ಕೇಳಿಸುತ್ತದೆ. ಕೊನೆಯ ಭಾಗದಲ್ಲಿ ಕಮಾನು ತಂತಿಯ ಮೇಲೆ ಪುಟಿಯುತ್ತ ಓಡುತ್ತದೆ, ನಿಲ್ಲುವುದೇ ಇಲ್ಲ.

ಇಪ್ಪತ್ತು ನಿಮಿಷಗಳಷ್ಟು ಉದ್ದದ ಈ ವಾದನದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ರಚನಕಾರ ಎಲ್ಲಿಯೂ ಯಜಮಾನಿಕೆ ಮಾಡದಿರುವುದು. ಪುಸ್ತಕದಲ್ಲಿ ಹೀಗೆ ಬರೆದಿದ್ದೇನೆ, ಹೀಗೇ ನುಡಿಸು ಎಂಬ ಬಿಗಿ ಆ ಪಿಯಾನೋದಲ್ಲಿ ಇಲ್ಲ. ನಮ್ಮಲ್ಲಿ ಒಳ್ಳೆಯ ಪಕ್ಕವಾದ್ಯದವರು ಗಾಯಕನ ಮನೋಧರ್ಮ ಎತ್ತ ಹೊರಳೀತೆಂದು ಕಿವಿ ನೆಟ್ಟುಕೊಂಡಿರುತ್ತಾರಲ್ಲ, ಆ ಎಚ್ಚರ ಬ್ರಿಟನ್‌ನಲ್ಲಿದೆ. ಆದರೆ ಅವನು ನುಡಿಸುತ್ತಿರುವುದು ಪಕ್ಕವಾದ್ಯವಲ್ಲ. ಮಾತಿನ ಅರ್ಧ ಭಾಗ ಅವನದೇ, ಬರೆದವನೂ ಅವನೇ. ತಾನೇ ಬರೆದ ಮಾತನ್ನು ಇನ್ನೊಬ್ಬನ ಬಾಯಲ್ಲಿ ಹೊಸದಾಗಿ ಕೇಳುತ್ತಿರುವವನ ಕುತೂಹಲ ಅಲ್ಲಿ ಇದೆ. ಈ ಮುದ್ರಿಕೆಯ ನಿಜವಾದ ಬೆಲೆ ಇದರಲ್ಲಿದೆಯೆಂದು ನನ್ನ ನಂಬಿಕೆ. ಕೃತಿಯ ಕಟ್ಟಕಡೆಯ ರೂಪ ಇದೇ ಎಂದು ಇದು ಸಾಧಿಸುತ್ತಿಲ್ಲ. ಇಬ್ಬರು ಒಬ್ಬರನ್ನೊಬ್ಬರು ಹೇಗೆ ಕೇಳಿಸಿಕೊಂಡರೆಂಬುದು ಇಲ್ಲಿ ಉಳಿದುಕೊಂಡಿದೆ.

ಹೋಲಿಕೆಗೆ ಶೊಸ್ತಕೊವಿಚ್‌ನ ಚೆಲ್ಲೋ ಸೊನಾಟವನ್ನು ನೋಡಬಹುದು. ಇದನ್ನೂ ರಾಸ್ತ್ರೊಪೊವಿಚ್ ರಚನಕಾರನ ಪಿಯಾನೋದೊಂದಿಗೇ ಮುದ್ರಿಸಿದ್ದಾನೆ. ಅವರದೂ ಆಳವಾದ ಸ್ನೇಹ. ಆದರೆ ಆ ಸೊನಾಟ 1934ರದು, ವಿಕ್ಟರ್ ಕುಬಾತ್ಸ್ಕಿ ಎಂಬ ಬೇರೊಬ್ಬ ವಾದಕನಿಗಾಗಿ ಬರೆದದ್ದು. ಆಗ ರಾಸ್ತ್ರೊಪೊವಿಚ್ ಏಳು ವರ್ಷದ ಹುಡುಗ. ದಾನಿಯಿಲ್ ಶಾಫ್ರಾನ್ ಅದನ್ನು 1946ರಲ್ಲೇ ಶೊಸ್ತಕೊವಿಚ್ ಜೊತೆ ಮುದ್ರಿಸಿದ್ದ. ಅಲ್ಲಿ ಗೆಳೆಯ ಆಗಲೇ ಕಟ್ಟಿ ಮುಗಿದ ಮನೆಗೆ ಬಂದವನು. ಬ್ರಿಟನ್‌ನ ಸೊನಾಟದಲ್ಲಾದರೋ ಮನೆ ಕಟ್ಟಿದ್ದೇ ಗೆಳೆಯ ಬರುತ್ತಾನೆಂದು.

ಇಷ್ಟು ಹೊಗಳಿದ ಮೇಲೆ ಒಪ್ಪಿಗೆಯಾಗದ್ದನ್ನೂ ಹೇಳಬೇಕು. 1968ರಲ್ಲಿ ಇದೇ ಜೋಡಿ ಶುಬರ್ಟನ ‘ಅರ್ಪೆಜೊನೆ’ ಸೊನಾಟವನ್ನು ಮುದ್ರಿಸಿತು. 1824ರಲ್ಲಿ ಶುಬರ್ಟ್ ಇದನ್ನು ಬರೆದದ್ದು ಅರ್ಪೆಜೊನೆ ಎಂಬ ಆರು ತಂತಿಯ ವಾದ್ಯಕ್ಕೆ. ಆ ವಾದ್ಯ ಬಹುಕಾಲ ಬಾಳಲಿಲ್ಲ, ಕೃತಿ ಮಾತ್ರ ಚೆಲ್ಲೋವಿನ ಪಾಲಿಗೆ ಬಂತು. ಲೋಕವೆಲ್ಲ ಕೊಂಡಾಡಿದ ಈ ಮುದ್ರಿಕೆಯನ್ನು ಕೇಳುವಾಗ ನನಗೆ ಅಷ್ಟು ನೆಮ್ಮದಿಯಾಗುವುದಿಲ್ಲ. ಪಿಯಾನೋ ಅಪೂರ್ವವಾಗಿದೆ, ನಿಜ. ಆದರೆ ಚೆಲ್ಲೋ ಪ್ರತಿಯೊಂದು ತಿರುವಿನಲ್ಲೂ ನಿಂತು ನಿಂತು ಮುದ್ದುಮಾಡುತ್ತದೆ. ಶುಬರ್ಟನ ಹಾಡು ನಡೆದುಕೊಂಡು ಹೋಗುವವನ ಹಾಡು. ಹೆಜ್ಜೆ ನಿಂತರೆ ಅದರ ದುಃಖ ಕನಿಕರಕ್ಕೆ ಇಳಿಯುತ್ತದೆ. ಇಬ್ಬರು ಗೆಳೆಯರು ಒಬ್ಬರಿಗೊಬ್ಬರು ಏನನ್ನೂ ಬೇಡವೆನ್ನದೆ ಹೋದಾಗ ಆಗುವ ನಷ್ಟ ಇದು. ಸ್ವಂತ ಕೃತಿಯಲ್ಲಿ ಬ್ರಿಟನ್‌ನ ಬರವಣಿಗೆಯೇ ಒಂದು ಕಡಿವಾಣವಾಗಿತ್ತು. ಶುಬರ್ಟನಲ್ಲಿ ಆ ಕಡಿವಾಣ ಹಿಡಿಯುವವರು ಯಾರೂ ಇರಲಿಲ್ಲ. ಅದೇ ಕಾಲದಲ್ಲಿ ಅವರು ಮುದ್ರಿಸಿದ ಫ್ರ್ಯಾಂಕ್ ಬ್ರಿಜ್‌ನ ಸೊನಾಟ ನನಗೆ ಹೆಚ್ಚು ಪ್ರಿಯ. ಬ್ರಿಜ್ ಬಾಲಕ ಬ್ರಿಟನ್‌ಗೆ ಸಂಗೀತ ರಚನೆ ಕಲಿಸಿದ ಗುರು. ಇಲ್ಲಿ ಶಿಷ್ಯನ ಭಕ್ತಿ ನೆಟ್ಟಗೆ ಕುಳಿತು ನುಡಿಸುತ್ತದೆ.

ಸೊನಾಟದ ತರುವಾಯ ಬಂದದ್ದು ಚೆಲ್ಲೋ ಮತ್ತು ವಾದ್ಯವೃಂದಕ್ಕಾಗಿ ಬರೆದ ಸಿಂಫನಿ. 1964ರ ಮಾರ್ಚ್ 12ರಂದು ಮಾಸ್ಕೋದಲ್ಲಿ ಬ್ರಿಟನ್‌ನ ನಿರ್ದೇಶನದಲ್ಲೇ ಇದರ ಮೊದಲ ಪ್ರಯೋಗವಾಯಿತು. ಅದೇ ವರ್ಷ ಇಂಗ್ಲಿಷ್ ಚೇಂಬರ್ ಆರ್ಕೆಸ್ಟ್ರಾದೊಂದಿಗೆ ಮುದ್ರಣವಾಯಿತು. ಕಾನ್ಸರ್ಟೊ ಎನ್ನದೆ ಸಿಂಫನಿ ಎಂದು ಕರೆದದ್ದಕ್ಕೆ ಕಾರಣವಿದೆ. ಇಲ್ಲಿ ಚೆಲ್ಲೋ ಮುಂದೆ ನಿಂತು ಮೆರೆಯುವ ನಾಯಕನಲ್ಲ, ವೃಂದದೊಡನೆ ಸಮಸಮನಾಗಿ ಹೊಣೆ ಹೊರುವವನು. ಆರಂಭ ಕತ್ತಲೆಯದು, ತಳದ ವಾದ್ಯಗಳ ಕೆಸರಿನಿಂದ ಚೆಲ್ಲೋ ಮೇಲೇಳಲು ಹೆಣಗುತ್ತದೆ. ಬಹಳ ಹೊತ್ತಿನ ಮೇಲೆ, ಕೊನೆಯ ಭಾಗದಲ್ಲಿ ತುತ್ತೂರಿ ಒಂದು ಹಾಡನ್ನೆತ್ತಿದಾಗ ಬೆಳಕು ಬಿದ್ದಂತಾಗುತ್ತದೆ. ಮೊದಲ ಸಲಕ್ಕೇ ಒಲಿಯುವ ಕೃತಿ ಇದಲ್ಲ. ಎರಡು ಮೂರು ಸಲ ಸೋತು ಕೇಳಬೇಕು. ಪಶ್ಚಿಮ ಮತ್ತು ಸೋವಿಯತ್ ದೇಶಗಳು ಒಂದನ್ನೊಂದು ಗುಮಾನಿಯಿಂದ ನೋಡುತ್ತಿದ್ದ ದಿನಗಳಲ್ಲಿ ಒಬ್ಬ ಆಂಗ್ಲ ತನ್ನ ಇಷ್ಟು ಕಠಿಣವಾದ ಕೃತಿಯನ್ನು ಮಾಸ್ಕೋದ ಕೇಳುಗರ ಮುಂದೆ ಮೊದಲು ಇಟ್ಟನೆಂಬುದನ್ನು ಮರೆಯಬಾರದು. 1962ರಲ್ಲಿ ಬ್ರಿಟನ್‌ನ ‘ವಾರ್ ರಿಕ್ವಿಯಂ’ನಲ್ಲಿ ಹಾಡಲು ರಾಸ್ತ್ರೊಪೊವಿಚ್‌ನ ಹೆಂಡತಿ, ಗಾಯಕಿ ಗಲೀನಾ ವಿಶ್ನೆವ್ಸ್ಕಯಾಗೆ ಸೋವಿಯತ್ ಸರ್ಕಾರ ಅನುಮತಿ ಕೊಟ್ಟಿರಲಿಲ್ಲ. ಮರುವರ್ಷ ಮುದ್ರಣದ ವೇಳೆಗೆ ಮಾತ್ರ ಆಕೆ ಬರಲು ಸಾಧ್ಯವಾಯಿತು. ಹೀಗೆ ಈ ಸ್ನೇಹದ ಪ್ರತಿಯೊಂದು ಭೇಟಿಯೂ ಯಾವುದೋ ಕಚೇರಿಯ ಮುದ್ರೆಗಾಗಿ ಕಾಯಬೇಕಾಗಿತ್ತು.

ಆಮೇಲೆ ಚೆಲ್ಲೋ ಒಂದಕ್ಕೇ ಬರೆದ ಸ್ವೀಟ್‌ಗಳು, ಅಂದರೆ ಬಿಡಿ ಭಾಗಗಳ ಮಾಲೆಗಳು. ಇದಕ್ಕೂ ಒಂದು ಕಥೆಯಿದೆ. ರಾಜಮನೆತನದ ಹಿರಿಯ ಹೆಂಗಸೊಬ್ಬರ ಮುಂದೆ ತಾನು ನರ್ತಕರಂತೆ ಗಿರಕಿ ಹೊಡೆದು ನಮಸ್ಕರಿಸುವುದಾಗಿ ರಾಸ್ತ್ರೊಪೊವಿಚ್ ಹಟಹಿಡಿದನಂತೆ. ಹಾಗೆ ಮಾಡದಿದ್ದರೆ ಚೆಲ್ಲೋಗಾಗಿ ಆರು ಕೃತಿ ಬರೆದುಕೊಡುತ್ತೇನೆಂದು ಬ್ರಿಟನ್ ಹೋಟೆಲಿನ ತಿಂಡಿಪಟ್ಟಿಯ ಮೇಲೆ ಕರಾರು ಬರೆದು ಸಹಿ ಹಾಕಿದನಂತೆ. ಬಾಕ್ ಬರೆದ ಚೆಲ್ಲೋ ಸ್ವೀಟ್‌ಗಳು ಆರು. ಬ್ರಿಟನ್‌ನಿಂದ ಬಂದವು ಮೂರೇ. 1964ರ ಮೊದಲನೆಯದು, 1967ರ ಎರಡನೆಯದು, ಇವೆರಡನ್ನೂ ರಾಸ್ತ್ರೊಪೊವಿಚ್ 1968ರಲ್ಲಿ ಸ್ನೇಪ್‌ನ ಸಭಾಂಗಣದಲ್ಲಿ ಮುದ್ರಿಸಿದ. ಹಿಂದೆ ಬಾರ್ಲಿ ಮೊಳಕೆ ಕಟ್ಟುತ್ತಿದ್ದ ಕಟ್ಟಡವನ್ನು 1967ರಲ್ಲಿ ಸಂಗೀತಕ್ಕಾಗಿ ಮಾರ್ಪಡಿಸಿದ್ದರು. 1969ರ ಜೂನ್‌ನಲ್ಲಿ ಅದು ಬೆಂಕಿಗೆ ಆಹುತಿಯಾಗಿ ಮರುವರ್ಷ ಮತ್ತೆ ಎದ್ದು ನಿಂತಿತು. ಸುಡುವ ಮುನ್ನ ಆ ಗೋಡೆಗಳು ಚೆಲ್ಲೋವಿಗೆ ಹೇಗೆ ಮರುದನಿ ಕೊಡುತ್ತಿದ್ದವೆಂಬುದು ಈ ಮುದ್ರಿಕೆಯಲ್ಲಿದೆ. ಮೊದಲನೆಯ ಸ್ವೀಟ್‌ನಲ್ಲಿ ‘ಕಾಂತೊ’ ಎಂಬ ಹಾಡು ನಾಲ್ಕು ಸಲ ಮರಳಿ ಬರುತ್ತದೆ. ರಾಸ್ತ್ರೊಪೊವಿಚ್ ನಾಲ್ಕು ಸಲವೂ ಅದನ್ನು ಬೇರೆ ಬೇರೆ ವಯಸ್ಸಿನವನಂತೆ ಹಾಡುತ್ತಾನೆ.

ಮೂರನೆಯ ಸ್ವೀಟ್‌ನ ಮಾತೇ ಬೇರೆ. 1970ರಲ್ಲಿ ರಾಸ್ತ್ರೊಪೊವಿಚ್ ಸರ್ಕಾರದ ಕೆಂಗಣ್ಣಿಗೆ ಗುರಿಯಾದ. ಸೊಲ್ಜೆನಿತ್ಸಿನ್‌ಗೆ ತನ್ನ ಹಳ್ಳಿಮನೆಯಲ್ಲಿ ಆಶ್ರಯ ಕೊಟ್ಟದ್ದಲ್ಲದೆ, ಅವನ ಪರವಾಗಿ ಪತ್ರಿಕೆಗಳಿಗೆ ಬಹಿರಂಗ ಪತ್ರ ಬರೆದದ್ದು ಅಪರಾಧವಾಯಿತು. ಕಛೇರಿಗಳು ರದ್ದಾದವು, ಹೊರದೇಶದ ಪ್ರಯಾಣ ನಿಂತುಹೋಯಿತು. ಇಂಥ ಹೊತ್ತಿನಲ್ಲಿ, 1971ರಲ್ಲಿ ಬ್ರಿಟನ್ ಮೂರನೆಯ ಸ್ವೀಟ್ ಬರೆದ. ಇದರ ಮೂಲದಲ್ಲಿರುವುದು ಚೈಕೊವ್‌ಸ್ಕಿ ಸಂಗ್ರಹದಿಂದ ಆಯ್ದ ಮೂರು ರಷ್ಯನ್ ಹಾಡುಗಳು ಮತ್ತು ರಷ್ಯದ ಚರ್ಚಿನಲ್ಲಿ ಸತ್ತವರಿಗಾಗಿ ಹಾಡುವ ಒಂದು ಪ್ರಾರ್ಥನೆ. ಸಾಮಾನ್ಯವಾಗಿ ಮೊದಲು ಹಾಡನ್ನು ಕೇಳಿಸಿ ಆಮೇಲೆ ಅದನ್ನು ಬಗೆಬಗೆಯಾಗಿ ವಿಸ್ತರಿಸುವುದು ಪದ್ಧತಿ. ಬ್ರಿಟನ್ ಇದನ್ನು ತಿರುಗುಮುರುಗು ಮಾಡಿದ. ಒಂಬತ್ತು ಭಾಗಗಳುದ್ದಕ್ಕೂ ಹಾಡುಗಳ ನೆರಳಷ್ಟೇ ಓಡಾಡಿ, ಕಟ್ಟಕಡೆಗೆ ಅವು ಒಂದೊಂದಾಗಿ ತಮ್ಮ ಸಾದಾ ರೂಪದಲ್ಲಿ ಬರುತ್ತವೆ. ಎಲ್ಲೋ ಕೇಳಿದ್ದೇನಲ್ಲ ಎಂದು ತಡಕಾಡುತ್ತಿದ್ದವರಿಗೆ ನೆನಪು ಕೈಗೆ ಸಿಕ್ಕಂತಾಗುತ್ತದೆ. ಪ್ರಾರ್ಥನೆ ಮುಗಿಯುವುದು ಚೆಲ್ಲೋದ ಅತ್ಯಂತ ಕೆಳಗಿನ ಸ್ವರದಲ್ಲಿ.

ಕೃತಿ ಮೂರು ವರ್ಷ ಕಾಯಿತು. 1974ರಲ್ಲಿ ರಾಸ್ತ್ರೊಪೊವಿಚ್ ರಷ್ಯ ಬಿಟ್ಟು ಹೊರಬಂದು, ಆ ಡಿಸೆಂಬರ್ 21ರಂದು ಸ್ನೇಪ್‌ನಲ್ಲಿ ಅದನ್ನು ಮೊದಲ ಬಾರಿಗೆ ನುಡಿಸಿದ. ಅಷ್ಟರಲ್ಲಿ ಬ್ರಿಟನ್ ಹಾಸಿಗೆ ಹಿಡಿದೆದ್ದಿದ್ದ. 1973ರ ಹೃದಯ ಶಸ್ತ್ರಚಿಕಿತ್ಸೆಯ ವೇಳೆ ಲಕ್ವ ತಗುಲಿ ಅವನ ಬಲಗೈ ಸ್ವಾಧೀನ ಕಳೆದುಕೊಂಡಿತ್ತು. ಗೆಳೆಯನಿಗೆ ದಾರಿ ತೆರೆಯಿತು, ತನಗೆ ಪಿಯಾನೋ ಮುಚ್ಚಿತು. 1976ರ ಡಿಸೆಂಬರ್ 4ರಂದು ಬ್ರಿಟನ್ ತೀರಿಕೊಂಡ. 2007ರವರೆಗೆ ಬದುಕಿದ್ದ ರಾಸ್ತ್ರೊಪೊವಿಚ್ ಲೆಕ್ಕವಿಲ್ಲದಷ್ಟು ಮುದ್ರಿಕೆಗಳನ್ನು ಮಾಡಿದ. ಆದರೆ ಮೂರನೆಯ ಸ್ವೀಟ್‌ನ ಮುದ್ರಿಕೆ ಹೊರತರಲು ಸ್ಟುಡಿಯೋಗೆ ಹೋಗಲಿಲ್ಲ.

ಇದನ್ನು ಸಂಗೀತಲೋಕಕ್ಕಾದ ನಷ್ಟವೆಂದು ಹಳಹಳಿಸುವವರಿದ್ದಾರೆ. ನಾನು ಅಷ್ಟು ಖಚಿತವಾಗಿ ಹಾಗೆನ್ನಲಾರೆ. ಮೊದಲಿನ ಕೃತಿಗಳನ್ನು ಇಂದಿನ ವಾದಕರು ಎತ್ತಿಕೊಂಡಾಗಲೆಲ್ಲ ಆ ಹಳೆಯ ಮುದ್ರಿಕೆಗಳು ಬೆನ್ನಹಿಂದೆ ನಿಂತು ನೋಡುತ್ತಿರುತ್ತವೆ. ಹಾಗೆ ನುಡಿಸಿದರೆ ನಕಲು, ಹಾಗೆ ನುಡಿಸದಿದ್ದರೆ ಉದ್ಧಟತನ. ಮೂರನೆಯ ಸ್ವೀಟ್‌ಗೆ ಈ ಹೊರೆಯಿಲ್ಲ. ನಾರ್ವೆಯ ಟ್ರುಲ್ಸ್ ಮರ್ಕ್ ಮೂರೂ ಸ್ವೀಟ್‌ಗಳನ್ನು ಮುದ್ರಿಸಿದ್ದಾನೆ. ಅವನ ಮೂರನೆಯ ಸ್ವೀಟ್ ಕೇಳುವಾಗ ಯಾರ ಅನುಮತಿಯನ್ನೂ ಬೇಡದ ಒಂದು ಬಿಡುಗಡೆ ನನಗೆ ಕೇಳಿಸುತ್ತದೆ. ರಾಸ್ತ್ರೊಪೊವಿಚ್‌ನ ಮೌನಕ್ಕೆ ಕಾರಣ ಏನೇ ಇರಲಿ, ಅದರಿಂದ ಒಂದು ಕೃತಿಯಾದರೂ ಎಲ್ಲರ ಸ್ವತ್ತಾಯಿತು.

ಹಾಗಾದರೆ 1961ರ ಸೊನಾಟದ ಮುದ್ರಿಕೆಯನ್ನು ನಾವು ಹೇಗೆ ಇಟ್ಟುಕೊಳ್ಳಬೇಕು? ಮಾದರಿ ಉತ್ತರಪತ್ರಿಕೆಯಂತೆ ಖಂಡಿತ ಅಲ್ಲ. ಅದನ್ನು ಕೇಳಿ ಯಾವ ಸ್ವರವನ್ನು ಎಷ್ಟು ಎಳೆಯಬೇಕೆಂದು ಕಲಿಯಹೊರಟರೆ ಕೈಗೆ ಸಿಗುವುದು ಹೊರಗಿನ ತೊಗಟೆ. ಚೆಲ್ಲೋ ತಡವರಿಸಿದಾಗ ಪಿಯಾನೋ ಹೇಗೆ ಕಾಯಿತು, ಚೆಲ್ಲೋ ಉಕ್ಕಿದಾಗ ಪಿಯಾನೋ ಹೇಗೆ ಜಾಗ ಬಿಟ್ಟಿತು ಎಂಬುದನ್ನು ಕೇಳಿಸಿಕೊಳ್ಳಲು ಬಂದರೆ, ಬೇರೆ ಯಾರು ನುಡಿಸಿದ ಸೊನಾಟವನ್ನಾದರೂ ನಾವು ಚೆನ್ನಾಗಿಯೇ ಕೇಳಬಲ್ಲೆವು. ಭಾಷೆ ಸರಿಯಾಗಿ ಬಾರದ ಇಬ್ಬರು ಆ ಜುಲೈ ತಿಂಗಳಲ್ಲಿ ಹಾಗೆ ಕೂತು ಮಾತನಾಡಿದರು. ಮಾತು ನಮಗೂ ಅರ್ಥವಾಗುವಂತಿದೆ.